ಪಕ್ಕದ ಸೀಟಿನ ಬ್ರೇಕ್

ಹೇಳಿಕೆ ಕೊಡುತ್ತಿರುವವನು ಊರಿನಲ್ಲಿ ಎಲ್ಲರೂ ಬ್ರೇಕ್ ಮೇಷ್ಟ್ರು ಎಂದು ಕರೆಯುವ ನಾನು. ವಯಸ್ಸು ಐವತ್ತು. ಕಸುಬು ಕಾರು ಓಡಿಸಲು ಕಲಿಸುವುದು, ಇಪ್ಪತ್ತನಾಲ್ಕು ವರ್ಷದಿಂದ ಸ್ವಂತ ಡ್ರೈವಿಂಗ್ ಸ್ಕೂಲ್. ವಾಸ ಹಳೇ ನೀರಿನ ಟ್ಯಾಂಕಿನ ಹಿಂದಿನ ರಸ್ತೆ, ಮೂರನೇ ಕಟ್ಟಡ, ಮೊದಲ ಮಹಡಿ. ಸ್ಕೂಲಿನ ಆಫೀಸು ಅದರ ಕೆಳಗೆ. ಠಾಣೆಗೆ ಕರೆಸಿ ಕೇಳಿದ್ದಕ್ಕೆ, ಯಾರ ಒತ್ತಾಯವೂ ಇಲ್ಲದೆ ಹೇಳಿ ಬರೆಸುತ್ತಿರುವುದು ಹೀಗಿದೆ.

ನನ್ನ ಭಾವ, ಎಂದರೆ ನನ್ನ ಅಕ್ಕನ ಗಂಡ, ಈ ತಿಂಗಳ 18ನೇ ತಾರೀಖು ಇದೇ ಠಾಣೆಯಲ್ಲಿ ಕೊಟ್ಟ ದೂರನ್ನು ನನಗೆ ಓದಿ ಹೇಳಲಾಯಿತು. ಅದರಲ್ಲಿ ಮೂರು ಆಪಾದನೆಗಳಿವೆ. ನಾನು ಅಕ್ಕನ ತಲೆಕೆಡಿಸಿ ಏಳು ದಿನ ಪ್ರವಾಸಕ್ಕೆ ಕರೆದುಕೊಂಡು ಹೋದೆ ಎಂಬುದು ಮೊದಲನೆಯದು. ಅವಳಿಗೆ ಕಾರು ಓಡಿಸಲು ಬರುವುದೇ ಇಲ್ಲ, ಲೈಸೆನ್ಸನ್ನು ನಾನು ಪ್ರಭಾವ ಬಳಸಿ ಕೊಡಿಸಿದ್ದು ಎಂಬುದು ಎರಡನೆಯದು. ಅಂಥವಳ ಕೈಗೆ ಸ್ಟಿಯರಿಂಗ್ ಕೊಟ್ಟು ಬಾಡಿಗೆ ಕಾರಿನ ಕನ್ನಡಿ ಒಡೆಸಿದೆ, ಆದ್ದರಿಂದ ಅವಳ ಲೈಸೆನ್ಸ್ ರದ್ದು ಮಾಡಿಸಬೇಕು ಎಂಬುದು ಮೂರನೆಯದು. ಮೊದಲಿನ ಎರಡು ಸುಳ್ಳು. ಮೂರನೆಯದರಲ್ಲಿ ಕನ್ನಡಿ ಒಡೆದದ್ದು ನಿಜ. ಅದು ಹೇಗೆ ಒಡೆಯಿತು ಎಂಬುದನ್ನು ನಾನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ಅದನ್ನೇ ಮೊದಲು ಹೇಳಿಬಿಡುತ್ತೇನೆ ಎಂದೆ. ಬರೆದುಕೊಳ್ಳುತ್ತಿರುವ ಹೆಡ್ ಕಾನ್‌ಸ್ಟೆಬಲ್ ಅವರು ನಡೆದ ಕ್ರಮದಲ್ಲೇ ಹೇಳಬೇಕು, ಹೆಚ್ಚು ಎಳೆಯಬಾರದು ಎಂದರು. ಕ್ರಮದಲ್ಲೇ ಹೇಳುತ್ತೇನೆ. ಎಳೆಯದಿರುವುದು ನನ್ನ ಕೈಲಿಲ್ಲ.

ಸಮಯ ಮತ್ತು ದೂರ ಇಷ್ಟು ಸರಿಯಾಗಿ ಹೇಗೆ ನೆನಪಿದೆ ಎಂದು ಠಾಣೆಯ ಸಾಹೇಬರು ಕೇಳಿದರು. ನಾನು ಬರೆಯುವವನಲ್ಲ, ಮಾತಾಡುವವನು. ಪ್ರತಿ ಪಾಠ ಮುಗಿದ ಮೇಲೆ ಎಷ್ಟು ಕಿಲೋಮೀಟರ್, ಎಷ್ಟು ಸಲ ಇಂಜಿನ್ ನಿಂತಿತು, ಎಲ್ಲಿ ಹೆದರಿದರು ಎಂದು ಫೋನಿನಲ್ಲಿ ಮಾತಾಡಿ ಇಟ್ಟುಕೊಳ್ಳುತ್ತೇನೆ. ಪಾಠದಲ್ಲಿ ಏನಾದರೂ ಅವಘಡವಾದರೆ ಅದೇ ದಿನ ಸಂಜೆ ಏಳರೊಳಗೆ ಆ ಮಾತನ್ನು ಕಲಿಯುವವರ ಮನೆಗೆ ಕಳಿಸುವುದು ನನ್ನ ಸ್ಕೂಲಿನ ನಿಯಮ. ಪ್ರವಾಸದ ಏಳು ದಿನಗಳಲ್ಲಿ ಮೂವತ್ತೊಂದು ಧ್ವನಿ ಟಿಪ್ಪಣಿ ಆಗಿವೆ. ಎಲ್ಲವನ್ನೂ ಪೆನ್ ಡ್ರೈವಿನಲ್ಲಿ ಹಾಕಿ ಕೊಟ್ಟಿದ್ದೇನೆ. ಕೇಳುವವರಿಗೆ ತಾಳ್ಮೆ ಇರಲಿ.

ಅಕ್ಕನಿಗೆ ಅರವತ್ತೆರಡು. ಕಣ್ಣಿನ ಆಸ್ಪತ್ರೆಯಲ್ಲಿ ಇಪ್ಪತ್ತೊಂಬತ್ತು ವರ್ಷ ದೃಷ್ಟಿ ಪರೀಕ್ಷೆ ಮಾಡುತ್ತಿದ್ದಳು. ಹೋದ ತಿಂಗಳು ನಿವೃತ್ತಿಯಾದಳು. ಈ ಊರಿನಲ್ಲಿ ಲೈಸೆನ್ಸಿಗೆ ಕಣ್ಣಿನ ಸರ್ಟಿಫಿಕೇಟ್ ತಂದವರಲ್ಲಿ ಅರ್ಧ ಜನ ಅವಳ ಎದುರು ಕೂತು ಅಕ್ಷರ ಓದಿದವರು. ಅವಳಿಗೆ ಇಪ್ಪತ್ತೆರಡು ವರ್ಷದ ಹಿಂದೆ ನಾನೇ ಕಾರು ಕಲಿಸಿದೆ. ಮೊದಲ ಪರೀಕ್ಷೆಯಲ್ಲೇ ಪಾಸಾದಳು. ಅದೇ ದಿನ ಲೈಸೆನ್ಸ್ ಪರೀಕ್ಷೆಯ ಅದೇ ಇನ್‌ಸ್ಪೆಕ್ಟರ್ ಎದುರು ನನ್ನ ಹೆಂಡತಿ ಎರಡನೇ ಸಲ ಫೇಲಾದಳು. ನನಗೆ ಪ್ರಭಾವ ಇದ್ದಿದ್ದರೆ ಮೊದಲು ನನ್ನ ಮನೆ ಉಳಿಸಿಕೊಳ್ಳುತ್ತಿದ್ದೆ ಎಂಬುದನ್ನು ದಯವಿಟ್ಟು ಹೀಗೇ ಬರೆದುಕೊಳ್ಳಬೇಕು.

ಲೈಸೆನ್ಸ್ ಬಂದ ಮೇಲೆ ಅಕ್ಕ ಕಾರು ಓಡಿಸಲಿಲ್ಲ. ಕಾರು ಭಾವನದು. ಕೀಲಿ ಅವರ ಅಂಗಿಯ ಜೇಬಿನಲ್ಲಿ ಇರುತ್ತದೆ; ಅಂಗಿ ಬದಲಾಯಿಸಿದರೆ ಕೀಲಿಯೂ ಹೊಸ ಅಂಗಿಯ ಜೇಬಿಗೆ ಹೋಗುತ್ತದೆ. ಅವಳು ಕೇಳಿದಾಗಲೆಲ್ಲ, ನೀನು ಆರಾಮಾಗಿ ಕೂತ್ಕೋ, ನಾನಿದ್ದೀನಲ್ಲ ಎನ್ನುತ್ತಿದ್ದರು. ಕೆಟ್ಟ ಮನುಷ್ಯ ಎಂದು ನಾನು ಹೇಳುತ್ತಿಲ್ಲ. ಅಳತೆ ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದವರು, ಗೆರೆ ಆಚೀಚೆ ಆಗುವುದು ಅವರಿಗೆ ಆಗಿಬರುವುದಿಲ್ಲ. ಎಲ್ಲ ಪ್ರಯಾಣದಲ್ಲೂ ಅಕ್ಕ ಪಕ್ಕದ ಸೀಟಿನಲ್ಲಿ ನೀರಿನ ಬಾಟಲಿ ಹಿಡಿದು ಕೂರುತ್ತಿದ್ದಳು. ಲೈಸೆನ್ಸನ್ನು ಎರಡು ಸಲ ನವೀಕರಿಸಿದಳು. ಓಡಿಸದವಳಿಗೆ ಅದು ಯಾಕೆ ಎಂದು ಭಾವ ನಗುತ್ತಿದ್ದರು. ಎಷ್ಟೋ ಸಲ ಆ ಕಾರಿನ ಹಿಂದಿನ ಸೀಟಿನಲ್ಲಿ ನಾನೂ ಇದ್ದೆ. ನಾನೂ ನಕ್ಕಿದ್ದೇನೆ.

ಅವಳ ನಿವೃತ್ತಿಗೆಂದು ಏಳು ದಿನದ ಪ್ರವಾಸ ಗೊತ್ತುಮಾಡಿದ್ದು ಭಾವನೇ. ಎರಡು ದಿನ ಕಡಲತೀರ, ಮೂರು ದಿನ ಕೆರೆಗಳು, ಒಂದು ದಿನ ದೊಡ್ಡ ನಗರ, ಒಂದು ದಿನ ವಾಪಸ್. ನಕ್ಷೆಯನ್ನು ಮೂರು ಬಣ್ಣದ ಪೆನ್ನಿನಲ್ಲಿ ಬರೆದಿದ್ದರು. ಅಷ್ಟರಲ್ಲಿ ಅವರ ಒಂದು ಕಣ್ಣಿಗೆ ಪೊರೆಯ ಆಪರೇಷನ್ ಆಯಿತು, ಒಂದು ತಿಂಗಳು ಕಾರು ಓಡಿಸಬಾರದು ಎಂದು ಡಾಕ್ಟರ್ ಹೇಳಿದರು. ಈ ತಿಂಗಳ 9ರಂದು, ಶನಿವಾರ ಮಧ್ಯಾಹ್ನ ಊಟದ ಹೊತ್ತಿನಲ್ಲಿ, ನಾನು ಮತ್ತು ಅವರ ಮಗಳು ಎದುರಿಗೇ ಇದ್ದಾಗ, ಪ್ರವಾಸ ರದ್ದು ಎಂದರು. ಅಕ್ಕ ಕೇಳಿದ್ದು ಒಂದೇ ಮಾತು:

"ನೀವು ಪಕ್ಕದಲ್ಲಿ ಕೂತ್ಕೊಳ್ಳಿ. ನಾನು ಓಡಿಸ್ತೀನಿ."

ಅದಕ್ಕೆ ಭಾವ, "ನೀನು ಓಡಿಸೋದು, ನಾನು ಕೂತ್ಕೊಳ್ಳೋದು. ಅದರ ಬದಲು ಇನ್ನೊಂದು ಕಣ್ಣೂ ಈಗಲೇ ಕೊಯ್ಸಿಕೊಳ್ತೀನಿ ಬಿಡು," ಎಂದರು. ಮಗಳು ನಕ್ಕಳು. ಅಕ್ಕ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅದೇ ದಿನ ಸಂಜೆ 5.30ಕ್ಕೆ ನನಗೆ ಫೋನ್ ಮಾಡಿ, ರೈಲ್ವೆ ಸ್ಟೇಷನ್ ಹತ್ತಿರದ ಬಾಡಿಗೆ ಕಂಪನಿಯಲ್ಲಿ ನನ್ನ ಹೆಸರಿಗೆ ಕಾರು ಗೊತ್ತುಮಾಡಿದ್ದೀನಿ, ಬರೋದಾದ್ರೆ ಸೋಮವಾರ ಒಂಬತ್ತೂವರೆಗೆ ಬಾ, ಬರದಿದ್ರೂ ನಾನು ಹೋಗ್ತೀನಿ ಎಂದಳು. ಕಣ್ಣಿನ ಡ್ರಾಪ್ಸ್ ಎಷ್ಟು ಹೊತ್ತಿಗೆ ಎಂದು ಮಗಳಿಗೆ ಚೀಟಿ ಬರೆದುಕೊಟ್ಟಿದ್ದಳು. ಯಾರು ಯಾರನ್ನು ಕರೆದುಕೊಂಡು ಹೋದರು ಎಂಬ ಪ್ರಶ್ನೆಗೆ ನನ್ನ ಉತ್ತರ ಇಷ್ಟು.

ದಿನಾಂಕ 11, ಸೋಮವಾರ. ಬೆಳಗ್ಗೆ 9.40ಕ್ಕೆ ಕೌಂಟರಿನಲ್ಲಿ ಅಕ್ಕ ಸಹಿ ಹಾಕಿದಳು. ಗುಮಾಸ್ತ ಕೀಲಿಯನ್ನು ನನ್ನ ಕಡೆ ಚಾಚಿದ. ನಾನು ತೆಗೆದುಕೊಂಡೆ. ಅಕ್ಕ ಅಂಗೈ ಚಾಚಿ ನಿಂತಳು. ಗಾಡಿ ಯಾರು ಓಡಿಸ್ತಾರೆ ಮೇಡಂ ಎಂದು ಗುಮಾಸ್ತ ಕೇಳಿದ್ದಕ್ಕೆ, "ನೀವೇ ಫಾರಂ ಓದಿ ಹೇಳಿ," ಎಂದಳು. 10.05ಕ್ಕೆ ಹೊರಟೆವು. ಗೇಟಿನಲ್ಲೇ ಎರಡು ಸಲ ಇಂಜಿನ್ ನಿಂತಿತು, ಮುಚ್ಚಿಡುವುದಿಲ್ಲ. ಮೊದಲ ಇಪ್ಪತ್ತು ಕಿಲೋಮೀಟರ್ ನಲವತ್ತರ ವೇಗ ದಾಟಲಿಲ್ಲ. ಹಿಂದಿನ ಲಾರಿಯವನು ಹಾರ್ನ್ ಹೊಡೆಯುತ್ತಲೇ ಇದ್ದ. ಅವನಿಗೆ ಅಷ್ಟು ಅವಸರ ಇದ್ರೆ ನಿನ್ನೆ ಹೊರಡಬೇಕಿತ್ತು ಎಂದಳು. ನನ್ನ ಸ್ಕೂಲಿನ ಕಾರುಗಳಲ್ಲಿ ಪಕ್ಕದ ಸೀಟಿನ ಮುಂದೆ ಎರಡನೇ ಬ್ರೇಕ್ ಇರುತ್ತದೆ, ಮೇಷ್ಟ್ರ ಕಾಲಿಗೆ. ಬಾಡಿಗೆ ಕಾರಿನಲ್ಲಿ ಇರಲಿಲ್ಲ. ಆದರೂ ನನ್ನ ಬಲಗಾಲು ಎಲ್ಲ ತಿರುವಿನಲ್ಲೂ ನೆಲ ಒತ್ತುತ್ತಿತ್ತು. ಅಕ್ಕ ಅದನ್ನು ಒಂದು ಸಲ ನೋಡಿದಳು.

ಮಧ್ಯಾಹ್ನ 3.20ಕ್ಕೆ, 118 ಕಿಲೋಮೀಟರ್ ಆದ ಮೇಲೆ, ದೀಪಸ್ತಂಭದ ರಸ್ತೆಯಲ್ಲಿ ಕಡಲು ಕಂಡಿತು. ಅಕ್ಕ ಕಾರನ್ನು ಬದಿಗೆ ನಿಲ್ಲಿಸಿ ಇಂಜಿನ್ ಆರಿಸಿದಳು. ಹನ್ನೆರಡು ನಿಮಿಷ ಇಳಿಯಲಿಲ್ಲ, ಕೈ ಸ್ಟಿಯರಿಂಗ್ ಮೇಲೇ ಇತ್ತು. ಇಳಿದು ನೋಡಲ್ವಾ ಎಂದು ಕೇಳಿದೆ. ಇಷ್ಟು ವರ್ಷ ಪಕ್ಕದ ಕಿಟಕಿಯಿಂದ ನೋಡಿದ್ದೀನಿ, ಸ್ವಲ್ಪ ಹೊತ್ತು ಮುಂದಿನ ಗಾಜಲ್ಲಿ ನೋಡ್ತೀನಿ ಇರು ಎಂದಳು.

ದಿನಾಂಕ 12, ಮಂಗಳವಾರ. ಕಡಲಿನ ಬದಿಯ ರಸ್ತೆ, 74 ಕಿಲೋಮೀಟರ್, ಮೂವತ್ತೊಂದು ತಿರುವು. 11.15ಕ್ಕೆ ನದಿ ಕಡಲು ಸೇರುವಲ್ಲಿ ಕಾರುಗಳನ್ನು ದಾಟಿಸುವ ದೋಣಿ. ಇಳಿಜಾರಿನ ಹಲಗೆಯ ಮೇಲೆ ಕಾರನ್ನು ಹಿಮ್ಮುಖವಾಗಿ ಹತ್ತಿಸಬೇಕು. ದೋಣಿಯವನು ನನ್ನನ್ನು ನೋಡಿ, ಯಜಮಾನ್ರೇ, ಅಮ್ಮನ್ನ ಇಳಿಸಿ ನೀವು ಹತ್ತಿಸಿ ಎಂದ. ಅಕ್ಕ ಕಿಟಕಿಯ ಗಾಜು ಏರಿಸಿದಳು. ಒಂದೇ ಸಲಕ್ಕೆ ಹತ್ತಿಸಿದಳು. ಎರಡೂ ಕಡೆ ಒಂದೊಂದು ಗೇಣು ಉಳಿದಿತ್ತು. ಅವನು ಚಕ್ರಕ್ಕೆ ಮರದ ತುಂಡು ಕೊಡುತ್ತಾ, ಎಷ್ಟು ವರ್ಷದ ಸರ್ವೀಸಮ್ಮಾ ಎಂದು ಕೇಳಿದ. ಎರಡು ದಿನ ಎಂದಳು. ಅವನು ಆಚೆ ದಡದವರೆಗೆ, ಹದಿನಾಲ್ಕು ನಿಮಿಷ, ನಮ್ಮ ಕಾರಿನ ಮುಂದೇ ನಿಂತಿದ್ದ.

ದಿನಾಂಕ 13, ಬುಧವಾರ. ಇದು ಮುಖ್ಯವಾದ ದಿನ, ನಿಧಾನವಾಗಿ ಬರೆದುಕೊಳ್ಳಬೇಕು. ಒಟ್ಟು 96 ಕಿಲೋಮೀಟರ್. ಸಂಜೆ 4.10ಕ್ಕೆ ಮೊದಲ ಕೆರೆಗೂ ಎರಡನೇ ಕೆರೆಗೂ ನಡುವಿನ ಏರಿಯ ಮೇಲೆ ಇದ್ದೆವು. ಏರಿಯ ಉದ್ದ ಒಂದು ಮುಕ್ಕಾಲು ಕಿಲೋಮೀಟರ್, ಅಗಲ ಎರಡು ಗಾಡಿ ಕಷ್ಟಪಟ್ಟು ಹಾಯುವಷ್ಟು, ಎರಡೂ ಕಡೆ ಕಬ್ಬಿಣದ ಕಂಬಿ, ಕಂಬಿಯ ಆಚೆ ನೀರು. ಎದುರಿನಿಂದ ಟ್ರ್ಯಾಕ್ಟರ್ ಬಂತು. ಅಕ್ಕ ಎಂಬತ್ತು ಮೀಟರ್ ಮೊದಲೇ ಗೇರ್ ಇಳಿಸಿದಳು, ಅಂಚಿಗೆ ಸರಿದಳು, ಟ್ರ್ಯಾಕ್ಟರಿಗೆ ಬೇಕಾದಷ್ಟು ಜಾಗ ಬಿಟ್ಟಳು. ನಾನು ಕಲಿಸಿದ್ದಕ್ಕಿಂತ ಚೆನ್ನಾಗಿ ಮಾಡಿದಳು. ಆಗ ವೇಗ ಮೂವತ್ತು. ಆ ಹೊತ್ತಿನಲ್ಲಿ ನನಗೆ ಟ್ರ್ಯಾಕ್ಟರಿನ ಚಕ್ರ ಒಂದೇ ಕಂಡಿತು. ಕಾಲು ನೆಲ ಒತ್ತಿತು, ಅಲ್ಲಿ ಬ್ರೇಕ್ ಇರಲಿಲ್ಲ. ಕೈ ಹೋಗಿ ಹ್ಯಾಂಡ್‌ಬ್ರೇಕ್ ಎಳೆಯಿತು. ಕೈ ಎಂದದ್ದನ್ನು ಹೊಡೆದುಹಾಕಿ, ನಾನು ಎಳೆದೆ. ಹಿಂದಿನ ಚಕ್ರ ಕಚ್ಚಿಕೊಂಡು ಕಾರು ಅಡ್ಡಕ್ಕೆ ಜಾರಿತು, ನನ್ನ ಕಡೆಯ ಕನ್ನಡಿ ಕಂಬಿಗೆ ಬಡಿದು ಒಡೆಯಿತು. ಕಾರು ಕಂಬಿಯಿಂದ ಆಚೆ ಹೋಗದಂತೆ ಹಿಡಿದು ನಿಲ್ಲಿಸಿದವಳು ಅಕ್ಕ.

ಕನ್ನಡಿ ಒಡೆದದ್ದು ನನ್ನಿಂದ. ಈ ಸಾಲಿನ ಪಕ್ಕದಲ್ಲಿ ಬೇರೆಯಾಗಿ ಸಹಿ ಹಾಕಲು ತಯಾರಿದ್ದೇನೆ.

ಅವಳು ಎಚ್ಚರಿಕೆಯ ದೀಪ ಹಾಕಿ, ಇಂಜಿನ್ ಆರಿಸಿ, ಇಳಿದಳು. ಟ್ರ್ಯಾಕ್ಟರಿನವನೂ ಇಳಿದು ಬಂದ. "ಜಾಗ ಚೆನ್ನಾಗೇ ಬಿಟ್ಟಿದ್ರಲ್ಲಮ್ಮ, ಆಮೇಲೆ ಯಾಕೆ ತಿರುಗ್ತು?" ಎಂದು ಕೇಳಿದ. ಅವನ ಫೋನ್ ನಂಬರ್ ಕೊಟ್ಟಿದ್ದೇನೆ, ವಿಚಾರಿಸಬಹುದು. ಅಕ್ಕ ನನ್ನ ಕೈ ನೋಡಿದಳು. ಅದು ಇನ್ನೂ ಹ್ಯಾಂಡ್‌ಬ್ರೇಕಿನ ಮೇಲಿತ್ತು. ಹಳೇ ಕಾಯಿಲೆ, ಗಾಡಿಗಲ್ಲ ಎಂದು ಅವನಿಗೆ ಹೇಳಿ ಕಳಿಸಿದಳು. ಆಮೇಲೆ ನನ್ನ ಕಡೆಯ ಬಾಗಿಲು ತೆಗೆದು, "ಇಳಿ. ಹಿಂದೆ ಕೂತ್ಕೋ," ಎಂದಳು. ಅಕ್ಕಾ ಎಂದೆ. "ನಿಮ್ಮ ಭಾವ ಬಾಯಲ್ಲಿ ಬ್ರೇಕ್ ಹಾಕ್ತಿದ್ರು. ನೀನು ಕೈಯಲ್ಲಿ ಹಾಕ್ದೆ. ಬೇರೆ ಏನಿಲ್ಲ. ಹಿಂದೆ ಕೂತ್ಕೋ." ನಾನು ಹಿಂದೆ ಕೂತು ಬೆಲ್ಟ್ ಹಾಕಿಕೊಂಡೆ. ಅಲ್ಲಿಂದ ಮುಂದೆ ಭಾನುವಾರದವರೆಗೆ ಮುಂದಿನ ಸೀಟಿನಲ್ಲಿ ಅವಳ ಕೈಚೀಲ ಕೂತಿತ್ತು.

ಅದೇ ದಿನ ಸಂಜೆ 6.50ಕ್ಕೆ ವಸತಿಗೃಹದ ಕೋಣೆಯಲ್ಲಿ ಟಿಪ್ಪಣಿ ಮಾಡಿದೆ. ಅವಘಡವಾದರೆ ಏಳರೊಳಗೆ ಮನೆಗೆ ತಿಳಿಸಬೇಕು ಎಂಬ ನಿಯಮದ ಪ್ರಕಾರ ನನ್ನ ಬೆರಳು ತಾನಾಗಿ ಅಕ್ಕನ ಮನೆಯ ನಂಬರಿಗೆ, ಅಂದರೆ ಭಾವನ ನಂಬರಿಗೆ, ಅದನ್ನು ಕಳಿಸಿತು. ಅವಳು ಕಲಿಯುವವಳಲ್ಲ, ಇಪ್ಪತ್ತೆರಡು ವರ್ಷದ ಲೈಸೆನ್ಸ್ ಇರುವವಳು ಎಂಬುದು ಕಳಿಸಿದ ಮೇಲೆ ಹೊಳೆಯಿತು. ಆ ಟಿಪ್ಪಣಿಯನ್ನು ಇಲ್ಲಿ ಹಾಕಿ ಕೇಳಿಸಲಾಯಿತು. ಅದರಲ್ಲಿ ನಾನು ಹೇಳಿರುವುದು: "ಇವತ್ತು ತೊಂಬತ್ತಾರು ಕಿಲೋಮೀಟರ್. ಕೆರೆ ಏರಿ ಮೇಲೆ ಎದುರು ಗಾಡಿ ಬಂತು, ಕಾರು ಸ್ವಲ್ಪ ಜಾರಿ ಕನ್ನಡಿ ಹೋಯ್ತು. ಯಾರಿಗೂ ಏಟಾಗಿಲ್ಲ. ನಾಳೆ ನೋಡೋಣ." ಕಾರು ಸ್ವಲ್ಪ ಜಾರಿ ಎಂದಿದ್ದೇನೆ. ಯಾರು ಜಾರಿಸಿದರು ಎಂದು ಹೇಳಿಲ್ಲ. ಆ ನಾಲ್ಕು ಮಾತಿನಲ್ಲಿ ಇಲ್ಲದ ಒಂದು ಮಾತಿನಿಂದ ಈ ದೂರು ಹುಟ್ಟಿತು. ಇಷ್ಟು ಮಾತಾಡುವ ನಾನು ಬೇಕಾದ ಜಾಗದಲ್ಲಿ ಚುಟುಕಾಗಿ ಮುಗಿಸಿದ್ದೆ.

7.05ರಿಂದ ಭಾವ ಹನ್ನೊಂದು ಸಲ ಫೋನ್ ಮಾಡಿದರೂ ಅಕ್ಕ ಎತ್ತಲಿಲ್ಲ. ಹನ್ನೆರಡನೇ ಸಲ ಎತ್ತಿ, "ಊಟ ಆಯ್ತಾ? ಡ್ರಾಪ್ಸ್ ಹಾಕ್ಕೊಂಡ್ರಾ? ಕಣ್ಣು ಉಜ್ಜಬೇಡಿ," ಎಂದು ಇಟ್ಟುಬಿಟ್ಟಳು.

ದಿನಾಂಕ 14, ಗುರುವಾರ. ಬೆಳಗ್ಗೆ 10.30ಕ್ಕೆ ಕೆರೆಯ ಊರಿನ ಮೆಕ್ಯಾನಿಕ್ ಬೇರೆ ಗಾಡಿಯ ಕನ್ನಡಿ ತಂದು ಕೂರಿಸಿದ. ಬಣ್ಣ ಹೊಂದಲಿಲ್ಲ. ಎರಡು ಕೆರೆ ಸುತ್ತಿದೆವು, 52 ಕಿಲೋಮೀಟರ್. ಹಿಂದಿನ ಸೀಟಿನಿಂದ ಕಂಡದ್ದು: ನಾಲ್ಕನೇ ಗೇರ್ ಬಿದ್ದಾಗ ಅಕ್ಕ ಸಣ್ಣಗೆ ಗುನುಗುತ್ತಾಳೆ. ನನಗೆ ಇದು ಗೊತ್ತಿರಲಿಲ್ಲ. ಅವಳನ್ನು ನಾನು ನಾಲ್ಕನೇ ಗೇರಿನವರೆಗೆ ಹೋಗಲು ಬಿಟ್ಟೇ ಇರಲಿಲ್ಲ.

ದಿನಾಂಕ 15, ಶುಕ್ರವಾರ. ಮೂರನೇ ಕೆರೆಯ ದಡದ ವಸತಿಗೃಹ. ಬೆಳಗ್ಗೆ 6.30ಕ್ಕೆ ಅಕ್ಕ ಒಬ್ಬಳೇ ಕಾರು ತೆಗೆದುಕೊಂಡು ಹೋದಳು. ನಾನು ಗೇಟಿನಲ್ಲಿ ಎಂಬತ್ತೈದು ನಿಮಿಷ ನಿಂತಿದ್ದೆ. ಕಾವಲುಗಾರ ಕುರ್ಚಿ ಕೊಟ್ಟ, ಕೂರಲಿಲ್ಲ. 7.55ಕ್ಕೆ ಬಂದಳು. ಎಲ್ಲಿಗೆ ಹೋಗಿದ್ದೆ ಎಂದು ಕೇಳಿದೆ. ಎಲ್ಲಿಗೂ ಇಲ್ಲ, ಸುಮ್ಮನೆ ಎಂದಳು. ಅವಳ ಮುಖ ಹೇಗಿತ್ತು ಎಂದು ಬರೆಸಬಹುದೇ ಎಂದು ಕೇಳಿದ್ದಕ್ಕೆ ಅದು ಸಾಕ್ಷ್ಯವಲ್ಲ ಎಂದರು. ಹಾಗಾದರೆ ದೂರ ಬರೆದುಕೊಳ್ಳಿ: 27 ಕಿಲೋಮೀಟರ್. ಅದಕ್ಕೆ ನಾನು ಸಾಕ್ಷಿಯಲ್ಲ, ಕಾರಿನ ಮೀಟರ್ ಸಾಕ್ಷಿ.

ದಿನಾಂಕ 16, ಶನಿವಾರ. ನಗರಕ್ಕೆ 139 ಕಿಲೋಮೀಟರ್. ಆರು ರಸ್ತೆ ಸೇರುವ ವೃತ್ತದಲ್ಲಿ ಯಾರೂ ದಾರಿ ಬಿಡದೆ ಮೂರು ಸುತ್ತು ಸುತ್ತಿದಳು. ಎರಡನೇ ಸುತ್ತಿನಿಂದ ನಗಲು ಶುರುಮಾಡಿದಳು. ನಾನು ನಾಲಿಗೆ ಕಚ್ಚಿಕೊಂಡು ಕೂತಿದ್ದೆ. ಏನಾದ್ರೂ ಹೇಳ್ಬೇಕು ಅನ್ನಿಸಿದ್ರೆ ನಿನ್ನ ಫೋನಿಗೆ ಹೇಳ್ಕೋ ಎಂದಿದ್ದಳು. ಆ ದಿನದ ಟಿಪ್ಪಣಿಗಳೇ ಒಂಬತ್ತು. ಐದು ಮಹಡಿಯ ಪಾರ್ಕಿಂಗ್ ಕಟ್ಟಡದ ಇಕ್ಕಟ್ಟಾದ ಸುತ್ತುದಾರಿಯನ್ನು ಎಲ್ಲೂ ತಗುಲಿಸದೆ ಹತ್ತಿ, ತಾರಸಿಯಲ್ಲಿ ಕಾರು ನಿಲ್ಲಿಸಿ, ಪೂರ್ತಿ ನಗರವನ್ನು ನೋಡುತ್ತಾ ಫ್ಲಾಸ್ಕಿನ ಕಾಫಿ ಕುಡಿದೆವು.

ದಿನಾಂಕ 17, ಭಾನುವಾರ. ವಾಪಸ್ 163 ಕಿಲೋಮೀಟರ್. ಏಳು ದಿನಕ್ಕೆ ಒಟ್ಟು 669. ಅದರಲ್ಲಿ ನಾನು ಓಡಿಸಿದ್ದು ಸೊನ್ನೆ. ಸಂಜೆ 4.25ಕ್ಕೆ ಅದೇ ಕೌಂಟರ್. ವಾಪಸಾತಿ ಫಾರಂನಲ್ಲಿ ಹಾನಿಯ ಕಾರಣ ಎಂಬ ಕಡೆ ಅಕ್ಕ, ಚಾಲಕಿಯ ತಪ್ಪು ಎಂದು ಬರೆದು ಸಹಿ ಹಾಕಿದಳು. ನಾನು ಒಂದು ಅಡಿ ದೂರದಲ್ಲಿ ನಿಂತಿದ್ದೆ, ಓದಿದೆ, ಸುಮ್ಮನಿದ್ದೆ. ಹೊರಗೆ ಬಂದ ಮೇಲೆ ಹೀಗೆ ಯಾಕೆ ಬರೆದೆ ಎಂದು ಕೇಳಿದೆ. ಮೇಷ್ಟ್ರು ಓಡೋ ಗಾಡೀಲಿ ಹ್ಯಾಂಡ್‌ಬ್ರೇಕ್ ಎಳೆದ ಅಂತ ಬರೆದ್ರೆ ನಿನ್ನ ಸ್ಕೂಲ್ ಉಳಿಯುತ್ತಾ, ನಾನು ಮನೇಲಿ ಕೂರೋಳು, ನನಗೇನಾಗುತ್ತೆ ಎಂದಳು. ಆಗಲೂ ಫಾರಂ ತಿದ್ದಿಸಲು ಒಳಗೆ ಹೋಗಲಿಲ್ಲ. ಮರುದಿನ ಭಾವ, ಅಕ್ಕ ಮನೆಗೆ ತಂದಿದ್ದ ಆ ಫಾರಂನ ಪ್ರತಿಯನ್ನೂ ನನ್ನ ಟಿಪ್ಪಣಿಯನ್ನೂ ಹಿಡಿದು ಇಲ್ಲಿಗೆ ಬಂದರು.

ಇವತ್ತು ಬೆಳಗ್ಗೆ ಮನೆಯಿಂದ ಹೊರಡುವಾಗ ಅಕ್ಕ ನನಗೆ ಮತ್ತೆ ಹೇಳಿದ್ದು, ಕನ್ನಡಿ ವಿಷಯ ಬಿಟ್ಟು ಬೇರೆ ಏನು ಬೇಕಾದ್ರೂ ಮಾತಾಡು ಎಂದು. ಹೀಗೆ ಹೇಳಿದರೆ ನನ್ನ ಸ್ಕೂಲಿನ ಪರವಾನಗಿಯ ಬಗ್ಗೆ ಸಾರಿಗೆ ಕಚೇರಿಗೆ ವರದಿ ಹೋಗಬಹುದು ಎಂದು ಸಾಹೇಬರು ಎಚ್ಚರಿಸಿದರು. ಹೋಗಲಿ. ನನ್ನ ಪರವಾನಗಿ ಕಿತ್ತುಕೊಂಡರೆ ಕಿತ್ತುಕೊಳ್ಳಲಿ, ಅದು ನನ್ನ ಕೈ ಮಾಡಿದ ಕೆಲಸ. ಅವಳ ಲೈಸೆನ್ಸ್ ಮುಟ್ಟುವಂತಿಲ್ಲ. ಮುಟ್ಟಿದರೆ ಕಚೇರಿಯ ಬಾಗಿಲಲ್ಲಿ ಮೂವತ್ತೊಂದು ಟಿಪ್ಪಣಿಗಳನ್ನೂ ದಿನಾ ಜೋರಾಗಿ ಹಾಕಿಕೊಂಡು ಕೂರುತ್ತೇನೆ. ಇದು ಮನೆಯ ವಿಷಯ, ಮೂರೂ ಜನ ಕೂತು ರಾಜಿ ಮಾಡಿಕೊಳ್ಳಿ ಎಂದು ಸಾಹೇಬರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಒಪ್ಪುವುದಿಲ್ಲ. ರಾಜಿಯಾದರೆ ಈ ಕಾಗದ ಹರಿದುಹೋಗುತ್ತದೆ. ಅಕ್ಕ 669 ಕಿಲೋಮೀಟರ್ ಓಡಿಸಿದಳು, ಒಬ್ಬ ಮೇಷ್ಟ್ರು ಅಡ್ಡ ಬಂದಾಗಲೂ ಕಾರನ್ನು ಕೆರೆಗೆ ಬೀಳಿಸಲಿಲ್ಲ ಎಂದು ಸರ್ಕಾರಿ ಕಾಗದದ ಮೇಲೆ ಒಂದು ಕಡೆಯಾದರೂ ಇರಬೇಕು.

ಠಾಣೆಗೆ ನನ್ನನ್ನು ಕರೆತಂದವಳು ಅಕ್ಕನೇ. ನನ್ನ ಸ್ಕೂಲಿನ ಎರಡು ಕಾರುಗಳಲ್ಲಿ ಹಳೆಯದರಲ್ಲಿ. 10.50ಕ್ಕೆ ಅಂಗಳದಲ್ಲಿ ಜೀಪಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಹಿಮ್ಮುಖವಾಗಿ ನಿಲ್ಲಿಸಿದಳು. ಇಬ್ಬರು ಕಾನ್‌ಸ್ಟೆಬಲ್‌ಗಳು ಚಹಾ ಲೋಟ ಹಿಡಿದು ನೋಡಿದ್ದಾರೆ. ಅವರ ಹೇಳಿಕೆಯನ್ನೂ ಪಡೆಯಬೇಕು.

ಈಗ 12.40. ನಾನು ಕೂತಿರುವ ಕಿಟಕಿಯಿಂದ ಕಾಣುತ್ತಿರುವುದನ್ನೂ ಬರೆದುಕೊಳ್ಳಬೇಕೆಂದು ಕೋರುತ್ತೇನೆ. ಭಾವ ಕಪ್ಪು ಕನ್ನಡಕ ಹಾಕಿಕೊಂಡು ಹನ್ನೊಂದರಿಂದ ಹೊರಗಿನ ಬೆಂಚಿನ ಮೇಲೆ ಕೂತಿದ್ದವರು ಎದ್ದಿದ್ದಾರೆ. ಬೆಳಗ್ಗೆ ಬಸ್ಸಿನಲ್ಲಿ ಬಂದವರು. ಅಕ್ಕ ಕಾರಿನ ಕಿಟಕಿಯಿಂದ ತಲೆ ಹಾಕಿ, "ಬಸ್ಸಾ, ಕಾರಾ?" ಎಂದು ಕೇಳಿದ್ದು ಇಲ್ಲಿಗೆ ಕೇಳಿಸಿತು. ಭಾವ ಅಭ್ಯಾಸಬಲದಿಂದ ಸ್ಟಿಯರಿಂಗ್ ಕಡೆಯ ಬಾಗಿಲಿಗೆ ಹೋದರು. ಅದರೊಳಗೆ ಅಕ್ಕ ಕೂತಿದ್ದಾಳೆ. ಸ್ವಲ್ಪ ಹೊತ್ತು ನಿಂತು, ಕಾರು ಸುತ್ತಿಕೊಂಡು ಬಂದು, ಪಕ್ಕದ ಸೀಟಿನಲ್ಲಿ ಕೂತರು. ಅಕ್ಕ ಅವರ ಕೈಗೆ ನೀರಿನ ಬಾಟಲಿ ಕೊಟ್ಟಳು.

ಆ ಸೀಟಿನ ಮುಂದಿನ ಎರಡನೇ ಬ್ರೇಕಿನ ಬಗ್ಗೆ ಯಾರೂ ಚಿಂತೆ ಮಾಡಬೇಕಾಗಿಲ್ಲ. ಇವತ್ತು ಬೆಳಗ್ಗೆ 8.15ಕ್ಕೆ ಅದನ್ನು ನಾನೇ ಬಿಚ್ಚಿದ್ದೇನೆ. ಆ ಕಾರು ಇನ್ನು ಪಾಠಕ್ಕಿಲ್ಲ. ಅಕ್ಕನ ಹೆಸರಿಗೆ ವರ್ಗ ಮಾಡುವ ಅರ್ಜಿಗೆ ಸಹಿ ಹಾಕಿದ್ದೇನೆ. ಬಿಚ್ಚಿದ ಪೆಡಲ್ ಮತ್ತು ಎರಡು ಬೋಲ್ಟು ಸಾಹೇಬರ ಮೇಜಿನ ಮೇಲಿವೆ. ಮುದ್ದಾಮಾಲು ಎಂದು ಬರೆದುಕೊಂಡು ಇಲ್ಲೇ ಇಟ್ಟುಕೊಳ್ಳಬೇಕು. ನನಗೆ ವಾಪಸ್ ಬೇಡ.

ಬರೆದದ್ದನ್ನು ಓದಿಸಿ ಕೇಳಿದೆ. ನಾನು ಹೇಳಿದ್ದಕ್ಕಿಂತ ಕಡಿಮೆ ಇದೆ, ಆದರೆ ಇರುವುದೆಲ್ಲ ನಿಜ. ಅಕ್ಕ, ಭಾವ ಹೊರಟರು, ನನ್ನನ್ನು ಬಿಟ್ಟು. ನಾನು ಬಸ್ಸಿನಲ್ಲಿ ಹೋಗುತ್ತೇನೆ.

ಸ್ಥಳ: ಠಾಣೆಯ ಬರಹಗಾರರ ಕೊಠಡಿ
ದಿನಾಂಕ: 19, ಮಂಗಳವಾರ, ಮಧ್ಯಾಹ್ನ 12.55
ಸಹಿ: ಬ್ರೇಕ್ ಮೇಷ್ಟ್ರು
(ಬುಧವಾರದ ಸಾಲಿನ ಪಕ್ಕದಲ್ಲಿ ಇನ್ನೊಂದು ಸಹಿ ಇದೆ)